ಮಧ್ಯಾಹ್ನ ಮೂರರ ಹೆಜ್ಜೆ

ಮಾಲು ಎಂದು ತೂಗಿ ನೋಡಿದರೆ ನಮ್ಮ ಮೇಸ್ತ್ರಿ ಎರಡನೇ ದರ್ಜೆಯವರು. ವಯಸ್ಸು ಐವತ್ತಾರು. ಮೊಣಕಾಲಿನ ಕೆಳಗೆ ಕೊಕ್ಕರೆ ಕಾಲು, ಬಿಲ್ಲಿನಂತೆ ಬಾಗಿದ ಪಾದ, ಮಡಚಿಕೊಂಡ ಬೆರಳು. ಈಚೆಗೆ ಬೆನ್ನಿಗೂ ರಿಪೇರಿಯಾಗಿದೆ. ಕಣ್ಣು ಕಿವಿ ಮಾತ್ರ ಅಪ್ಪಟ ಸರಕು. ನನ್ನ ಬೂಟಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಹೊಲಿಯುತ್ತಿರುವ ಅವರು, ಗಿರಾಕಿ ಮೆಟ್ಟಿಲು ಹತ್ತುವ ಸದ್ದಿಗೇ "ಬಲಗಡೆ ಹಿಮ್ಮಡಿ ಸವೆದಿದೆ" ಎನ್ನುತ್ತಿದ್ದರು. ಗಿರಾಕಿ ಹೌಹಾರುತ್ತಿದ್ದ, ನಾನು ಹೊಸ ಜೋಡಿ ಮಾರುತ್ತಿದ್ದೆ.

ಕಾಲಿನದು ಮನೆತನದ ಆಸ್ತಿ. ನರ ನಿಧಾನಕ್ಕೆ ಸೊರಗುವ ಕಾಯಿಲೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವರಿಗೆ ಬಂದದ್ದು. ಪಾದದ ಮುಂಭಾಗ ಮೇಲೇಳುವುದಿಲ್ಲ. ಮೊದಲು ತುದಿ ನೆಲ ಕೆರೆಯುತ್ತದೆ, ಆಮೇಲೆ ಪಾದ ಅಪ್ಪಳಿಸುತ್ತದೆ: ಸರ್, ಟಪ್. ಮಕ್ಕಳಿಗೆ ಬರುವುದು ಬಿಡುವುದು ಅರ್ಧಕ್ಕರ್ಧ ಎಂದಿದ್ದರು ಡಾಕ್ಟರು. ಮೇಸ್ತ್ರಿಗೆ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಜಿಂಕೆಯ ಹಾಗೆ ಓಡುತ್ತಿದ್ದಳು. ಅದನ್ನೇ ನೆಚ್ಚಿಕೊಂಡು "ಈ ಪೀಡೆ ನನಗೇ ಕೊನೆ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಪರೀಕ್ಷೆ ಮಾಡಿಸಿರಲಿಲ್ಲ, ಗೆದ್ದ ಆಟವನ್ನು ಮತ್ತೆ ಯಾರು ಆಡುತ್ತಾರೆ?

ಬೆನ್ನಿನ ಆಪರೇಷನ್ ಆದ ಮೇಲೆ ಆರು ವಾರ ಬಗ್ಗುವಂತಿಲ್ಲ, ತಿರುಚುವಂತಿಲ್ಲ. ಮಗ್ಗುಲು ಬದಲಿಸಬೇಕೆಂದರೆ ಮರದ ದಿಮ್ಮಿಯ ಹಾಗೆ ಇಡೀ ಮೈ ಒಂದೇ ಸಲ ಉರುಳಬೇಕು. ಮನೆಯ ಕೋಣೆಯಲ್ಲಿ ಬಾಗಿಲು ಮಂಚದ ತಲೆಯ ಹಿಂದೆ. ಕಣ್ಣಿಗೆ ಕಾಣುವುದು ಸೂರು ಮತ್ತು ಎದುರಿನ ಗೋಡೆ. ಕಾಲು ಹೊದಿಕೆಯೊಳಗಿದೆಯೋ ಹೊರಗಿದೆಯೋ ನೋಡಿಯೇ ತಿಳಿಯಬೇಕು. "ಮರಗಟ್ಟಿರೋದು ಬೆನ್ನಿಂದಲೋ ಮನೆತನದಿಂದಲೋ, ಈಗಲೇ ಹೇಳೋಕಾಗಲ್ಲ" ಎಂದಿದ್ದರು ಡಾಕ್ಟರು.

ಎರಡನೇ ವಾರದ ಒಂದು ಮಧ್ಯಾಹ್ನ, ಮೂರು ಗಂಟೆ. ಹೆಂಡತಿ ಲಾಂಡ್ರಿ ಕೆಲಸಕ್ಕೆ ಹೋಗಿದ್ದಳು, ಮಗಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಲು. ತನ್ನನ್ನು ಯಾರೂ ಕಾಯಬೇಕಾಗಿಲ್ಲ ಎಂದು ಇಬ್ಬರನ್ನೂ ಗದರಿ ಕಳಿಸಿದ್ದು ಇವರೇ. ಮಾತ್ರೆಯ ಜೋಂಪಿನಲ್ಲಿದ್ದಾಗ ಮೊಗಸಾಲೆಯಿಂದ ಸದ್ದು ಬಂತು.

ಸರ್, ಟಪ್. ಸರ್, ಟಪ್.

ಅಪ್ಪನ ನಡಿಗೆ. ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು. ಒಂಬತ್ತನೆಯ ಹೆಜ್ಜೆಗೆ ಸದ್ದು ನಿಂತಿತು, ಸರಿಯಾಗಿ ತಲೆಯ ಹಿಂದೆ. ಯಾರೋ ಉಸಿರಾಡುತ್ತಿದ್ದರು.

"ಯಾರು?"

ಕಣ್ಣು ಮತ್ತೆ ಮುಚ್ಚಿಹೋಯಿತು. ಎಚ್ಚರವಾದಾಗ, ಜಾರಿ ಬಿದ್ದಿದ್ದ ಹೊದಿಕೆ ಎರಡೂ ಪಾದಗಳ ಸುತ್ತ ಒಪ್ಪವಾಗಿ ಸಿಕ್ಕಿಸಿತ್ತು. ಯಾರದೋ ಕೈ ಆ ಪಾದಗಳನ್ನು ಮುಟ್ಟಿತ್ತು, ಇವರಿಗೆ ಗೊತ್ತೇ ಆಗಿರಲಿಲ್ಲ.

"ಮಾತ್ರೆ ರೀ ಅದು," ಎಂದಳು ಹೆಂಡತಿ. "ಆಸ್ಪತ್ರೇಲಿ ಪಕ್ಕದ ವಾರ್ಡಿನವ್ರಿಗೆ ಸೂರಿನ ಮೇಲೆ ಆಡು ಕಾಣ್ತಿತ್ತಂತೆ. ನಿಮಗೆ ಮಾವನೋರು ಬಂದಿದ್ದಾರೆ, ಪುಣ್ಯ ಮಾಡಿದ್ರಿ."

ಮರುದಿನವೂ ಬಂತು. ಮೇಸ್ತ್ರಿ ಈ ಸಲ ಗೋಡೆಗೇ ಮಾತಾಡಿದರು: "ಅಪ್ಪಾ, ಈಗ ಬೇಡ. ಮಗಳಿಗೊಂದು ದಾರಿ ಆಗ್ಲಿ, ಆಮೇಲೆ ಕರ್ಕೊಂಡು ಹೋಗು."

ಹಿಂದಿನ ಉಸಿರು ಒಂದು ಕ್ಷಣ ನಿಂತೇಹೋಯಿತು. ಆಮೇಲೆ ಹೆಜ್ಜೆಗಳು ಬೇಗಬೇಗ ದೂರವಾದವು.

ಆ ಬೇಗಬೇಗನೆಯ ಹೆಜ್ಜೆಯಲ್ಲೇ ಮೇಸ್ತ್ರಿಯ ಕಸುಬಿನ ಕಿವಿ ನೆಟ್ಟಗಾಯಿತು. ಅಪ್ಪ ಎಂಬತ್ತು ಕಿಲೋ ಆಳು. ಈ ಟಪ್ ಐವತ್ತನ್ನು ದಾಟುವುದಿಲ್ಲ. ಸತ್ತವರು ಸೊರಗುತ್ತಾರೆಯೇ? ಅಲ್ಲಿಯವರೆಗೆ ದೆವ್ವಕ್ಕೆ ಹೆದರಿದ್ದವರು, ಆ ಗಳಿಗೆಯಿಂದ ಅದು ದೆವ್ವವೇ ಆಗಿರಲಿ ಎಂದು ಹಂಬಲಿಸತೊಡಗಿದರು.

ಮಗಳು ಈಚೆಗೆ ನೆಲ ತಣ್ಣಗಿದೆ ಎಂದು ಮನೆಯೊಳಗೂ ಕಣಕಾಲು ಬಿಗಿಹಿಡಿಯುವ ಎತ್ತರದ ಬೂಟು ಹಾಕಿಕೊಂಡೇ ಇರುತ್ತಿದ್ದಳು. ಸಂಜೆ ಅವಳು ಸ್ನಾನಕ್ಕೆ ಹೋದಾಗ ಮೇಸ್ತ್ರಿ ಹೆಂಡತಿಯನ್ನು ಕರೆದರು.

"ಅವಳ ಬೂಟು ತಗೊಂಬಾರೇ."

"ಕೆಲಸ ಮಾಡಬಾರ್ದು ಅಂದಿದ್ದಾರೆ."

"ಬಗ್ಗಬೇಡ ಅಂದಿದ್ದಾರೆ. ಬೂಟು ನೋಡಬೇಡ ಅಂದ್ರಾ?"

ಅಂಗಾತ ಮಲಗಿದ್ದವರು ಬೂಟನ್ನು ಮುಖದ ಮೇಲೆ ಹಿಡಿದು ಅಟ್ಟೆ ನೋಡಿದರು. ತುದಿಗೆ ಹೊಸ ಚರ್ಮದ ತೇಪೆ. ಹೊರ ಅಂಚು ನುಣ್ಣಗೆ ಸವೆದಿತ್ತು. ಬಹಳ ಹೊತ್ತು ನೋಡಿ, "ಒಳ್ಳೇ ಬೂಟು" ಎಂದಷ್ಟೇ ಹೇಳಿ ಕೊಟ್ಟರು. ಮಾರನೆಯ ದಿನ ಎರಡೂವರೆಗೆ ಬರಬೇಕೆಂದು ನನಗೆ ಫೋನು ಬಂತು.

"ಕೂತ್ಕೊಳ್ಳಿ ಸಾಹುಕಾರ್ರೇ. ಮಗಳ ಬೂಟಿಗೆ ತೇಪೆ ಬಿದ್ದಿದೆ. ಯಾರ ಕೆಲಸ ಅದು?"

"ಯಾರೋ ಬೇರೆ ಅಂಗಡಿಯವರಿರಬೇಕು, ಮೇಸ್ತ್ರೀ."

"ಬೇರೆಯವ್ರು ಕೊನೇಲಿ ದಾರಾನ ಎರಡು ಸಲ ಹಿಂದಕ್ಕೆ ತರಲ್ಲ. ಅದನ್ನ ನಾನು ಕಲಿಸಿದ್ದು ಒಬ್ಬರಿಗೇ. ಆತ ನೆಟ್ಟಗೆ ಕಲೀಲೂ ಇಲ್ಲ."

ಆ ಅರೆಗಲಿತ ಶಿಷ್ಯ ನಾನೇ. ಇದ್ದದ್ದನ್ನು ಹೇಳಿದೆ. ಮೇಸ್ತ್ರಿ ಬೆನ್ನು ತೋರಿಸಲು ಮೊದಲ ಸಲ ಆಸ್ಪತ್ರೆಗೆ ಹೋಗಿದ್ದ ದಿನ ಹುಡುಗಿ ತುದಿ ಸವೆದ ಬೂಟು ಹಿಡಿದು ಅಂಗಡಿಗೆ ಬಂದಿದ್ದಳು. "ಅಪ್ಪಂಗೆ ಹೇಳ್ಬೇಡಿ, ಮಾವ. ಗೊತ್ತಾದ್ರೆ ಆ ದುಡ್ಡು ನನ್ನ ಕಾಲಿಗೆ ಇರ್ಲಿ ಅಂತ ಬೆನ್ನು ತೋರಿಸೋದೇ ಬಿಟ್ಬಿಡ್ತಾರೆ" ಎಂದಿದ್ದಳು.

"ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಮೊಗಸಾಲೆಯಲ್ಲಿ ಸದ್ದಾಯಿತು. ಸರ್, ಟಪ್. ಯಾರದೆಂದು ಚೆನ್ನಾಗಿ ಗೊತ್ತಿದ್ದ ನನಗೂ ತೋಳಿನ ರೋಮ ನಿಮಿರಿದವು. ಮೇಸ್ತ್ರಿಯ ಮುದಿ ಅಪ್ಪನನ್ನು ನಾನೂ ಬಲ್ಲೆ. ನಡೆದು ಬರುತ್ತಿದ್ದುದು ಅವನೇ. ಒಂಬತ್ತನೆಯ ಹೆಜ್ಜೆಗೆ ಬಾಗಿಲಲ್ಲಿ ಹಪ್ಪಳ ಒಣಗಿದಂತೆ ಒಣಗಿದ ಮುಖದ ಮಗಳು ನಿಂತಿದ್ದಳು, ಬರಿಗಾಲಲ್ಲಿ. ಕಚೇರಿಯ ಬಿಡುವಿನಲ್ಲಿ, ಅಪ್ಪ ಎಲ್ಲಿ ಎದ್ದು ಬೀಳುತ್ತಾರೋ ಎಂದು ಕದ್ದು ನೋಡಲು ಬರುತ್ತಿದ್ದವಳು, ಬೂಟಿನ ಸದ್ದಿಗೆ ನಿದ್ದೆ ಕೆಡದಿರಲಿ ಎಂದು ಅವನ್ನು ಬಾಗಿಲಲ್ಲೇ ಬಿಡುತ್ತಿದ್ದಳು.

"ಮುಂದಕ್ಕೆ ಬಾ ಮಗಳೇ," ಎಂದರು ಮೇಸ್ತ್ರಿ. "ನಂಗೆ ತಿರುಗೋಕಾಗಲ್ಲ."

ಅವಳು ಮಂಚ ಬಳಸಿ ಅವರ ಕೈಗೆಟುಕುವ ಮಗ್ಗುಲಿಗೆ ಬಂದಳು. ಮೇಸ್ತ್ರಿ ಅವಳ ಒಂದು ಪಾದವನ್ನು ಮಂಚದ ಅಂಚಿಗೆ ಇಡಿಸಿಕೊಂಡು, ಕೈ ಚಾಚಿ ಹೆಬ್ಬೆರಳಿನಿಂದ ಅಂಗಾಲಿನ ಬಿಲ್ಲನ್ನು ಒತ್ತುತ್ತಾ ಹೋದರು.

"ಇಲ್ಲಿ ಗೊತ್ತಾಗುತ್ತಾ?"

"ಹೂಂ."

"ಇಲ್ಲಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಸಾಹುಕಾರ್ರು ಬೂಟಿನ ಒಳಗಡೆ ಅಂಚು ಎತ್ತರಿಸಿದ್ದಾರೆ. ಎತ್ತಬೇಕಾಗಿದ್ದು ಹೊರಗಡೆ. ಪಾದ ಇನ್ನಷ್ಟು ಹೊರಳಿದೆ." ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಕಾಗದ, ಪೆನ್ಸಿಲ್ ಕೊಡಿ. ಅಳತೆ ತಗೋತೀನಿ."

ಮಲಗಿದಲ್ಲೇ ಅಳತೆ ಬರೆದರು. ಅವರು ಹೇಳಿಕೊಟ್ಟ ಹಾಗೆ ಬೂಟನ್ನು ನಾನು ಮೂರು ಸಲ ಬಿಚ್ಚಿ ಮೂರು ಸಲ ಹೊಲಿದೆ. ಈಗ ಹುಡುಗಿ ನಡೆದರೆ ಸದ್ದಾಗುವುದಿಲ್ಲ. ಹೊರಳಿದ ಪಾದ ಮಾತ್ರ ಪೂರ್ತಿ ಹಿಂದಕ್ಕೆ ಬಂದಿಲ್ಲ. ಮಗಳ ಕಾಲು ಅಪ್ಪನ ಕೈಗೆ ಸಿಗಬೇಕಾಗಿದ್ದ ಆ ಎಂಟು ತಿಂಗಳನ್ನು ನಾನು ಮೇಸ್ತ್ರಿಗೆ ಬಾಕಿ ಕೊಡಬೇಕು.