ಹಂಚು ಬಡಿದು ನೋಡುವ ಜಮಾಲಸಾಬರು

ಖಾನಾಪುರದ ಹಂಚಿನ ಕಾರ್ಖಾನೆಗಳಲ್ಲಿ ಭಟ್ಟಿಯಿಂದ ಇಳಿದ ಪ್ರತಿ ಹಂಚನ್ನೂ ಬಡಿದು ನೋಡಲು ಒಬ್ಬರಿರುತ್ತಾರೆ. ನಾನು ಬಲ್ಲವರು ಜಮಾಲಸಾಬರು. ಗಟ್ಟಿ ಹಂಚು ಗಂಟೆಯಂತೆ ನುಡಿಯುತ್ತದೆ, ಸೀಳು ಬಿಟ್ಟದ್ದರ ಸದ್ದು ಮಂಕಾಗಿರುತ್ತದೆ. ಅವರು ಎಡಗೈಯ ಮೂರು ಬೆರಳ ತುದಿಯಲ್ಲಿ ಹಂಚನ್ನು ತೂಗಿ ಹಿಡಿದು, ಬಲಗೈ ಗೆಣ್ಣಿನಿಂದ ಒಮ್ಮೆ ಬಡಿದು, "ಇದು ಮಾತಾಡತೈತಿ" ಅಥವಾ "ಇದರಾಗ ಜೀವ ಇಲ್ಲ" ಎನ್ನುತ್ತಾರೆ. ಮೂವತ್ತೊಂದು ವರ್ಷದಿಂದ ನಿಮಿಷಕ್ಕೆ ಎಂಟು ಹಂಚಿನಂತೆ ಈ ಕೆಲಸ ನಡೆದಿದೆ. ಸಂತೆಯಲ್ಲಿ ಕಲ್ಲಂಗಡಿಯನ್ನೂ, ಬಸ್ ನಿಲ್ದಾಣದಲ್ಲಿ ಚಹಾದ ಕಪ್ಪನ್ನೂ ಅವರು ಬಡಿಯದೆ ಬಿಡುವುದಿಲ್ಲ. "ಸಾಬ್ರ, ಅದು ಒಡದ್ರ ಹೊಸಾದು ನೀವ ತರಬೇಕು" ಎಂದು ಚಹಾದಂಗಡಿಯ ಕಲ್ಲಯ್ಯ ನಗುತ್ತಾನೆ. ಬೆಳಗಾವಿಗೆ ಹೋದರೆ ಶಹಾಪುರದ ಓಣಿಗಳಲ್ಲಿ ತಲೆಯೆತ್ತಿಯೇ ನಡೆದು, ಯಾವ ಮನೆಯ ಹಂಚು ಮಲಪ್ರಭೆ ದಂಡೆಯ ಯಾವ ಭಟ್ಟಿಯದು, ಆ ಭಟ್ಟಿ ಮುಚ್ಚಿ ಎಷ್ಟು ವರ್ಷವಾಯಿತು ಎಂದು ಹೇಳುತ್ತಾರೆ. ಕಳೆದ ವಾರ ಕಾರ್ಖಾನೆಯಲ್ಲಿ ನಾನು ಅವರ ಬೆನ್ನ ಹಿಂದೆ ನಿಂತು ಎರಡು ಸಲ ಕರೆದೆ. ಅವರು ತಿರುಗಲಿಲ್ಲ. ಹಂಚು ಜೋಡಿಸುತ್ತಿದ್ದ ನಾಗರತ್ನಾ ಓಡಿ ಬಂದು ಮೆಲ್ಲಗೆ ಹೇಳಿದಳು: "ಕೂಗಬ್ಯಾಡ್ರಿ ಸರ. ಚಾಚಾಗ ಕಿವಿ ಹೋಗಿ ಎರಡ ವರ್ಷಾತು. ಮಾಲಕರಿಗೆ ಗೊತ್ತಾದ್ರ ಕೆಲಸಾನೂ ಹೋಗತೈತಿ. ಹಂಚಿನ ನಡುಕ ಅವರ ಬೆರಳಿಗೇ ತಿಳೀತೈತಿ." ಅವರು ಬೇಡವೆಂದು ಬದಿಗಿಟ್ಟ ಹಂಚುಗಳಲ್ಲಿ ಹತ್ತನ್ನು ನಾನೇ ಬಡಿದು ಕೇಳಿದೆ. ಹತ್ತೂ ಒಡಕೇ ಇದ್ದವು.