ಹುಳಮನೆ ಬಾಗಿಲಲ್ಲಿ ಕೊಟ್ಟ ಮಾತು

ಕೈಲಾಂಚದ ಕಡೆ ರೇಷ್ಮೆ ಸಾಕುವವರನ್ನು "ಹುಳ ಹೆಂಗವೆ?" ಎಂದು ಕೇಳಿ ನೋಡಿ. ಸಿಗುವ ಉತ್ತರ ಒಂದೇ: "ಏನೋ, ಸುಮಾರಾಗವೆ." ಹುಳ ಪೊಗದಸ್ತಾಗಿ ಸೊಪ್ಪು ಮೇಯುತ್ತಿದ್ದರೂ ಅದೇ ಮಾತು, ಹಾಲುತೊಂಡೆ ರೋಗ ಬಡಿದು ತಟ್ಟೆ ತಟ್ಟೆಯೇ ಗುಂಡಿಗೆ ಹೋಗುತ್ತಿದ್ದರೂ ಅದೇ ಮಾತು. ಚೆನ್ನಾಗಿವೆ ಎಂದರೆ ಕಣ್ಣು ಬೀಳುತ್ತದೆ; ಕೆಟ್ಟಿವೆ ಎಂದರೆ ಗೂಡು ಕೊಳ್ಳುವವನ ಕಿವಿಗೆ ಬೀಳುತ್ತದೆ. ನಿಜ ಹೇಳುವುದು ಮನೆಯವರಿಗೆ ಮಾತ್ರ.

ಬೋರಲಿಂಗಯ್ಯನಿಗೆ ಅವನ ಸೋದರತ್ತೆ ಸರಸಮ್ಮ ನಿಜವನ್ನೇ ಹೇಳುತ್ತಿದ್ದಳು. ಕಾಲೇಜು ಮೇಷ್ಟ್ರಾಗಿ ರಾಮನಗರದಲ್ಲಿ ಮನೆ ಮಾಡಿದ ಮೇಲೂ ಊರಲ್ಲಿ ಅವನಿಗೆ ಉಳಿದಿದ್ದ ಹಕ್ಕು ಅದೊಂದೇ. ಪಾಲಿಗೆ ಬಂದ ಜಮೀನಿಗಿಂತ ಅದನ್ನೇ ಅವನು ದೊಡ್ಡದು ಅಂದುಕೊಂಡಿದ್ದ.

ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾ, ಅವನು ವರ್ಷಾನುಗಟ್ಟಲೆ ಪಿಎಚ್.ಡಿ. ಎಳೆಯುತ್ತಿದ್ದ. ಸಾಫ್ಟ್‌ವೇರ್ ಕಟ್ಟುವ ತಂಡಗಳಲ್ಲಿ ತಿಳಿವಳಿಕೆ ಎಲ್ಲಿರುತ್ತದೆ, ಹೇಗೆ ಕಳೆದುಹೋಗುತ್ತದೆ ಎಂಬುದು ಅವನ ಸಂಶೋಧನೆ. ವಾದ ಸರಳವಾಗಿತ್ತು. ಒಂದು ಸಾಲು ಕೋಡನ್ನು ಏಕೆ ಬರೆದರು ಎಂಬುದು ಬರೆದವರ ತಲೆಯಲ್ಲಿರುತ್ತದೆ. ಅವರು ಕೆಲಸ ಬಿಟ್ಟ ದಿನ ಕೋಡು ಆಫೀಸಿನಲ್ಲೇ ಉಳಿಯುತ್ತದೆ, 'ಏಕೆ' ಎಂಬುದು ಅವರ ಜೊತೆ ಬಸ್ಸು ಹತ್ತುತ್ತದೆ. ಆದ್ದರಿಂದ ಬರೆದಿಡಿ, ಬರೆದಿಡಿ ಎಂದು ಸೆಮಿನಾರುಗಳಲ್ಲಿ ಗಂಟಲು ಹರಿದುಕೊಂಡಿದ್ದ.

ಅಷ್ಟರಲ್ಲಿ ಗೂಡಿನ ಬೆಲೆ ಏರಿತು. ಕಲ್ಯದಿಂದ ಕನಕಪುರದ ತನಕ ಜನ ರಾಗಿ ಹೊಲ ಉತ್ತು ಹಿಪ್ಪುನೇರಳೆ ನೆಟ್ಟರು. ದನದ ಕೊಟ್ಟಿಗೆಗಳು ಹುಳಮನೆಗಳಾದವು, ದನ ಹೊರಗೆ ನಿಂತವು. ಬೆಲ್ಲ ಕಂಡ ಮೇಲೆ ಇರುವೆ ಬರಲೇಬೇಕಲ್ಲ. ಬೆಂಗಳೂರಿನ ಕಂಪನಿಯೊಂದು ಬಂತು. ಕಾಯಿಲೆ ಹುಳದ ಫೋಟೊ ಕಳಿಸಿದರೆ ರೋಗ ಯಾವುದು, ಮದ್ದೇನು ಎಂದು ಹೇಳುವ ಆ್ಯಪ್ ಕಟ್ಟುತ್ತೇವೆ ಎಂದಿತು. ಕಂಪನಿಗೆ ನಿಜ ಬೇಕಿತ್ತು. ಊರು 'ಸುಮಾರಾಗವೆ' ಎನ್ನುತ್ತಿತ್ತು. ಆ ಬಾಗಿಲು ತೆಗೆಸಲು ಊರಿನವನೇ ಆದ ವಿದ್ವಾಂಸ ಬೇಕಾಗಿದ್ದ. ವಿದ್ವಾಂಸನಿಗೆ ಪ್ರಬಂಧಕ್ಕಾಗಿ ಹತ್ತಿರದಿಂದ ನೋಡಲೊಂದು ತಂಡ ಬೇಕಾಗಿತ್ತು. ಜೋಡಿ ಕೂಡಿತು.

ಅವನು ಮೊದಲು ಹೋದದ್ದು ಸರಸಮ್ಮನ ಹತ್ತಿರ. ಅವಳು ನಕ್ಕುಬಿಟ್ಟಳು.

"ನಿಂಗಾದ್ರೆ ಹೇಳ್ತೀನಿ ಕಣಪ್ಪ. ನಿನ್ ಫೋನಿಗ್ಯಾಕೆ ಹೇಳ್ಲಿ? ಅದೇನು ನಮ್ಮಣ್ಣನ ಮಗನಾ?"

ಸೋಂಕು ಒಳಗೆ ಹೋಗದಿರಲೆಂದು ಇಟ್ಟ ಸುಣ್ಣದ ನೀರಲ್ಲಿ ಕಾಲು ಅದ್ದಿ ಹುಳಮನೆಯ ಬಾಗಿಲಲ್ಲೇ ನಿಂತು ಅವನು ಮಾತು ಕೊಟ್ಟ: "ಯಾರ ಮನೆ ಅನ್ನೋದು ಆಚೆ ಬರಕ್ಕಿಲ್ಲ ಅತ್ತೆ. ಅದು ನನ್ ಜವಾಬ್ದಾರಿ."

ಸರಸಮ್ಮ ಫೋಟೊ ಕಳಿಸತೊಡಗಿದಳು. ಅವಳು ಕಳಿಸಿದ್ದಕ್ಕೆ ಬೀದಿಯವರೂ ಕಳಿಸಿದರು.

ಕಂಪನಿಯಲ್ಲಿ ಆ್ಯಪಿನ ಕೋಡು ಬರೆಯುವ ಕೆಲಸ ಚನ್ನಪಟ್ಟಣದ ಫಿರೋಜಾಳ ಪಾಲಿಗೆ ಬಂದಿತ್ತು. ಬೋರಲಿಂಗಯ್ಯ ಟೀ ಕುಡಿಯುತ್ತಾ ವಿಷಯ ತೆಗೆದ. ಅವನು ಮುಗಿಸುವ ಮೊದಲೇ ಅವಳಿಗೆ ಅರ್ಥವಾಯಿತು. "ಗೊತ್ತು ಸಾರ್. ನಮ್ಮನೇಲಿ ನೂಲು ತೆಗೀತಾರೆ. ಇಂಥವರ ಮನೇಲಿ ರೋಗ ಅಂತ ಗೊತ್ತಾದ್ರೆ ನಮ್ಮಪ್ಪಾನೇ ರೇಟು ಮುರೀತಾರೆ." ವರದಿಯಲ್ಲಿ ಮನೆ ಹೆಸರು ಕಾಣದಂತೆ ಮಾಡುವ ನಾಲ್ಕಾರು ಸಾಲು ಕೋಡು ಬರೆದಳು. ಬರೆದು, ಇದನ್ನೊಂದು ಮೇಲ್ ಹಾಕಿಬಿಡಿ, ಮುಂದಿನವರಿಗೆ ಬೇಕಾಗುತ್ತೆ ಎಂದಳು. ನಿಮಗೆ ಗೊತ್ತಾಯಿತಲ್ಲ ಬಿಡಿ ಎಂದ, ವರ್ಷಾನುಗಟ್ಟಲೆ 'ಬರೆದಿಡಿ' ಎಂದು ಕೂಗಿದವನು. ನಮ್ಮ ಕಡೆ ಮಾತಾದ ಮೇಲೆ ಬರೆಸಿಕೊಳ್ಳುವುದು ಎದುರಿಗಿದ್ದವರನ್ನು ನಂಬಲಿಲ್ಲ ಅಂದ ಹಾಗೆ. ಓದಿದ್ದು ಒಂದು ಕಡೆ ಎಳೆಯಿತು, ಹುಟ್ಟಿದ ಊರು ಇನ್ನೊಂದು ಕಡೆ. ಊರು ಗೆದ್ದಿತು.

ಫಿರೋಜಾ ಬೇರೆ ಕೆಲಸ ಸಿಕ್ಕಿ ಹೊರಟುಹೋದಳು. ಈ ಮಧ್ಯೆ ಕಂಪನಿಗೆ ಹೊಸ ಬುದ್ಧಿ ಬಂದಿತ್ತು: ರೋಗದ ಸುದ್ದಿಯನ್ನು ನೂಲು ತೆಗೆಯುವವರಿಗೆ ಮಾರುವುದು. ಅವಳ ಜಾಗಕ್ಕೆ ಬಂದವನು ಆ ಸಾಲುಗಳನ್ನು ನೋಡಿದ. ಏಕಿವೆ ಎಂದು ಎಲ್ಲೂ ಇರಲಿಲ್ಲ. ದಂಡ ಎಂದು ಅಳಿಸಿಹಾಕಿದ.

ಆ ಬೆಳೆಯಲ್ಲಿ ಸರಸಮ್ಮನ ಹುಳಮನೆಯ ಮೂಲೆಯೊಂದರಲ್ಲಿ ಹಾಲುತೊಂಡೆ ಕಂಡಿತ್ತು. ಫೋಟೊ ಕಳಿಸಿದಳು, ಆ್ಯಪ್ ಹೇಳಿದಂತೆ ರೋಗದ ಹುಳ ಆಯ್ದು ತೆಗೆದು ಸುಣ್ಣ ಉದುರಿಸಿದಳು. ಉಳಿದ ಹುಳ ಹಣ್ಣಾಗಿ, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆ ಏರಿ, ಕಲ್ಲಿನಂಥ ಗೂಡು ಕಟ್ಟಿದವು. ಆ್ಯಪ್ ಹೇಳಿದ ಮದ್ದು ಸರಿಯಾಗೇ ಇತ್ತು, ಅದನ್ನೂ ಹೇಳಬೇಕು.

ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಸುರಿದು ನಿಂತಳು. ಕೊಳ್ಳುವವರು ಬಂದರು, ಹಿಡಿಯಲ್ಲಿ ಎತ್ತಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು, ಫೋನು ನೋಡಿ ಮುಂದೆ ಹೋದರು. ಕೊನೆಗೆ ಯಾವಾಗಲೂ ಅವಳ ಗೂಡು ಹಿಡಿಯುತ್ತಿದ್ದ ಗಫಾರ್ ಹತ್ತಿರ ಬಂದು ತನ್ನ ಫೋನು ತೋರಿಸಿದ. ಅವಳ ಹುಳದ ರೋಗದ ಸುದ್ದಿ ಊರು, ಮನೆ, ಗಂಡನ ಹೆಸರು ಸಮೇತ ಅದರಲ್ಲಿತ್ತು.

"ಗೂಡಲ್ಲಿ ಏನೂ ದೋಷ ಇಲ್ಲ ಕಣಮ್ಮ," ಎಂದ. "ಆದ್ರೆ ಎಲ್ಲರ ಫೋನಲ್ಲೂ ನೀನೇ ಇದ್ದೀಯ. ಹರಾಜಲ್ಲಿ ನಾನು ಜಾಸ್ತಿ ಕೂಗಿದ್ರೆ ನಾಳೆ ನನ್ ನೂಲಿಗೂ ಇದೇ ಗತಿ."

ಊರಿಗೆ ಊರೇ ಮಾಳಿಗೆ ಕಟ್ಟಿಸುತ್ತಿದ್ದ ಕಾಲದಲ್ಲಿ ಸರಸಮ್ಮನ ಗೂಡು ಕಸದ ಬೆಲೆಗೆ ಹೋಯಿತು. ಮುಂದಿನ ಬೆಳೆಗೂ 'ರೋಗದ ಮನೆ' ಎಂಬ ಹೆಸರು ಹೋಗಲಿಲ್ಲ.

ಬೋರಲಿಂಗಯ್ಯ ಕಂಪನಿಗೆ ಓಡಿದ. ಹೆಸರು ಮುಚ್ಚಬೇಕೆಂದು ಎಲ್ಲಿ ಬರೆದಿದೆ ತೋರಿಸಿ ಎಂದರು, ಬಹಳ ವಿನಯದಿಂದ. ಹೆಂಗಸೊಬ್ಬಳ ಮರ್ಯಾದೆ ಮಾರಬಾರದು ಎನ್ನುವುದನ್ನೂ ಬರೆದುಕೊಟ್ಟರೆ ಮಾತ್ರ ಪಾಲಿಸುವ ಮಹಾನುಭಾವರು.

ಅಲ್ಲಿಂದ ತನ್ನ ಪಿಎಚ್.ಡಿ. ಗೈಡ್ ಹತ್ತಿರ ಹೋದ. ಕೇಳುತ್ತಾ ಕೇಳುತ್ತಾ ಅವರ ಮುಖ ಅರಳಿತು. "ಇಂಥ ಕೇಸು ಹುಡುಕಿದ್ರೂ ಸಿಗಲ್ಲ ಕಣ್ರೀ. ಒಂದು ಅಧ್ಯಾಯ ಮಾಡಿ."

ಮಾಡಲಾರೆ ಎನ್ನಬಹುದಿತ್ತು. ಮಾಡಿದ. ಪ್ರಬಂಧದ ನಿಯಮದಂತೆ ಅಲ್ಲಿ ಸರಸಮ್ಮನ ಹೆಸರನ್ನು ಶಿಸ್ತಾಗಿ ಮುಚ್ಚಲಾಯಿತು. 'ಒಬ್ಬ ಮಹಿಳಾ ಬೆಳೆಗಾರರು' ಎಂದಿತ್ತು. ಅವಳು ಬದುಕಬೇಕಾದ ಕಡೆ ಹೆಸರು ಬಯಲು, ಯಾರೂ ಓದದ ಕಡೆ ಗೋಪ್ಯ. ಪರೀಕ್ಷಕರು ಆ ಅಧ್ಯಾಯವನ್ನೇ ವಿಶೇಷವಾಗಿ ಹೊಗಳಿದರು. ಬೋರಲಿಂಗಯ್ಯ ಡಾಕ್ಟರ್ ಆದ.

ಪೇಡೆಯ ಡಬ್ಬಿ ಹಿಡಿದು ಕೈಲಾಂಚಕ್ಕೆ ಹೋದ. ಹುಳಮನೆಯೊಳಗೆ ಹುಳ ಸೊಪ್ಪು ಕಡಿಯುವ ಸರಸರ ಸದ್ದು ಅಂಗಳಕ್ಕೇ ಕೇಳುತ್ತಿತ್ತು. ಬೆಳೆ ಚೆನ್ನಾಗಿರುವ ಸದ್ದು. ಅಭ್ಯಾಸದಂತೆ ಚಪ್ಪಲಿ ಬಿಟ್ಟು ಸುಣ್ಣದ ನೀರಿಗೆ ಕಾಲಿಡಲು ಹೋದ. ಸರಸಮ್ಮ ಹೊರಗೆ ಬಂದು ಹಿಂದಿನಿಂದ ಬಾಗಿಲೆಳೆದುಕೊಂಡಳು. ಬಯ್ಯಲಿಲ್ಲ. ಹೆಂಡತಿ ಮಕ್ಕಳನ್ನು ವಿಚಾರಿಸಿದಳು, ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟಳು. ಪೇಡೆ ತೆಗೆದುಕೊಂಡಳು.

ಕಾಫಿ ಮುಗಿಸಿ ಅವನು ಲೋಟ ಕೆಳಗಿಟ್ಟ. ಆಮೇಲೆ ಕೇಳಿದ: "ಹುಳ ಹೆಂಗವೆ ಅತ್ತೆ?"

ಸರಸಮ್ಮ ರಸ್ತೆಯ ಕಡೆ ನೋಡಿದಳು.

"ಏನೋ ಕಣಪ್ಪ, ಸುಮಾರಾಗವೆ."