ಕಾಂಪೌಂಡ್ ಇಲ್ಲದ ಊರು

ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ. ದುಬೈಗೆ ಬಂದು ಮೂರು ವರ್ಷವಾದರೂ ನನಗೆ ದಾರಿ ತಪ್ಪುತ್ತದೆ. ಮುರಕ್ಕಬಾತಿನ ನಮ್ಮ ಫ್ಲ್ಯಾಟಿನಿಂದ ಮೊಸರು ತರಲು ಹೋದವನು ಮುಕ್ಕಾಲು ಗಂಟೆ ಅಲೆದು, ಬೇರೆಯೇ ಕಟ್ಟಡದಲ್ಲಿ ನಮ್ಮದೇ ನಂಬರಿನ ಬಾಗಿಲಿಗೆ ಕೀ ಹಾಕಿ ತಿರುಗಿಸಿ, ಒಳಗಿಂದ ಬಂದ ಸಿರಿಯಾದ ಅಜ್ಜಿಯ ಕೈಗೆ ಹೆದರಿಕೆಯಲ್ಲಿ ಮೊಸರು ಕೊಟ್ಟು ಬಂದದ್ದೂ ಉಂಟು. ಆದರೆ ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ಕಣ್ಣು ಕಟ್ಟಿ ಬಿಟ್ಟರೂ ನಾನು ಸರಿಯಾಗಿ ಮನೆ ಸೇರುತ್ತೇನೆ. ಆ ಹಳ್ಳಿಗೆ ನಾನು ಹೋಗಿಯೇ ಇಲ್ಲ ಎಂಬುದು ಬೇರೆ ಮಾತು.

ಆ ಊರು ನನಗೆ ಸಿಕ್ಕಿದ್ದು ವಿಲ್ಲಿಯವರಿಂದ. ನಮ್ಮ ಕಟ್ಟಡ ಕಂಪೆನಿಯಲ್ಲಿ ಅವರು ಹಿರಿಯ ಎಂಜಿನಿಯರ್, ನಾನು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅವರ ಊರಿನ ಹೆಸರನ್ನು ಹೇಳಬೇಕಾದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿರಬೇಕು. ನಾನು ಪ್ರಯತ್ನಿಸಿದಾಗಲೆಲ್ಲ ಅವರು ನೀರಿನ ಲೋಟ ಮುಂದೆ ತಳ್ಳುತ್ತಿದ್ದರು. ಗಂಟಲಿನಿಂದಲೇ ಅರಬ್ಬಿ ಮಾತಾಡುವ ನಮ್ಮ ಈಜಿಪ್ಟಿನ ಅಕೌಂಟೆಂಟ್ ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಹೇಳಿ, ಇದರಲ್ಲೇನಿದೆ ಎನ್ನುವಂತೆ ನನ್ನ ಮುಖ ನೋಡಿದ.

ಒಂದು ಮಧ್ಯಾಹ್ನ ಸೈಟಿನಲ್ಲಿ ನಮ್ಮ ಕೂಲಿಯವರು ಗೋಡೆಯ ನೆರಳಿಗೆ ಕುಕ್ಕರುಗಾಲಿನಲ್ಲಿ ಸಾಲಾಗಿ ಕೂತಿದ್ದರು. ಬೂಟು, ಟೈ, ಹೆಲ್ಮೆಟ್ಟಿನ ವಿಲ್ಲಿ ಹೋಗಿ ಅವರ ಪಕ್ಕದಲ್ಲಿ ಹಾಗೆಯೇ ಕೂತುಬಿಟ್ಟರು. ನಾನೂ ಕೂತೆ. ಊರು ಬಿಟ್ಟ ಮೇಲೆ ಅಭ್ಯಾಸ ತಪ್ಪಿದ್ದರಿಂದ ಎರಡೇ ನಿಮಿಷದಲ್ಲಿ ಹಿಂದಕ್ಕೆ ಉರುಳಿ ಸಿಮೆಂಟಿನ ಬಕೆಟ್ಟಿನೊಳಗೆ ಆಸೀನನಾದೆ. ವಿಲ್ಲಿ ನಗಲಿಲ್ಲ. "ನಮ್ಮಪ್ಪ ಬೀದಿಯ ಮೂಲೆಯಲ್ಲಿ ಹೀಗೇ ಕೂರುತ್ತಿದ್ದ, ಲ್ಯಾಡ್. ಕಲ್ಲಿದ್ದಲ ಗಣಿಯೊಳಗೆ ನೆಟ್ಟಗೆ ನಿಲ್ಲಲು ಜಾಗವಿಲ್ಲ. ಮೇಲೆ ಬಂದ ಮೇಲೂ ಗಣಿಯವರಿಗೆ ಬೆಂಚು ಸೇರುತ್ತಿರಲಿಲ್ಲ" ಎಂದರು.

ಅಂದಿನಿಂದ ನನಗೆ ಆ ಊರಿನ ಹುಚ್ಚು; ವಿಲ್ಲಿಯವರನ್ನು ಕೆದಕಿ ಕೆದಕಿ ಕೇಳುತ್ತಿದ್ದೆ. ಆಗಸ್ಟಿನ ಸೆಕೆಗೆ ಕಿಟಕಿಯಾಚೆ ನಮ್ಮ ದೇರಾ ಬಡಾವಣೆ ಬೆಳ್ಳಗೆ ಬೇಯುತ್ತಿರುವಾಗ ನಾನು ಎ.ಸಿ.ಯ ಕೆಳಗೆ ಕೂತು ಮನಸ್ಸಿನಲ್ಲೇ ಅಲ್ಲಿನ ತುಂತುರಿನಲ್ಲಿ ನಡೆಯುತ್ತಿದ್ದೆ. ಗಣಿಯವರಿಗೆ ಬೀದಿಗಳಿಗೆ ಹೆಸರಿಡಲೂ ಪುರುಸೊತ್ತಿರಲಿಲ್ಲ. ಒಂದನೆಯ ಸಾಲು, ಎರಡನೆಯ ಸಾಲು, ಅಷ್ಟೆ. ಗಣಿಯ ಕಸ ಸುರಿದೂ ಸುರಿದೂ ಚರ್ಚಿನ ಗೋಪುರಕ್ಕಿಂತ ಎತ್ತರವಾದ ಒಂದು ಕಪ್ಪು ಗುಡ್ಡ. ಪ್ರತಿ ವಾರದ ಕೂಲಿಯಲ್ಲಿ ಒಂದಿಷ್ಟು ತೆಗೆದಿಟ್ಟು ಗಣಿಕಾರ್ಮಿಕರೇ ಕಟ್ಟಿಸಿದ ವಾಚನಾಲಯ. ಮಸಿ ಕೈಯವರು ಪುಸ್ತಕ ಮುಟ್ಟುವ ಮುಂಚೆ ಕೈ ತೊಳೆಯಲು ಬಾಗಿಲಲ್ಲೇ ಒಂದು ಬೋಗುಣಿ. ಭಾನುವಾರ ಪಾರಿವಾಳ ಹಾರಿಸುವ, ಹಿತ್ತಾಳೆಯ ಕಹಳೆ ಊದುವ ಗಂಡಸರು. ಕೊನೆಗೆ ಒಂದು ದಿನ ಗಣಿ ಮುಚ್ಚಿತು. ಸಾಲುಮನೆಗಳನ್ನು ಕೆಡವಿದರು. ಗುಡ್ಡದ ಮೇಲೆ ಹುಲ್ಲು ಬಂತು. ಈಗಲೂ ಅಲ್ಲಿ ದಾರಿ ಕೇಳಿದರೆ "ಗಣಿ ಇದ್ದಲ್ಲಿ ಎಡಕ್ಕೆ ಹೋಗಿ" ಎನ್ನುತ್ತಾರಂತೆ. ಇಲ್ಲದ್ದನ್ನು ತೋರಿಸಿ ದಾರಿ ಹೇಳುವ ಊರಿನಲ್ಲಿ ನನ್ನಂಥವನು ಹೇಗೆ ಕಳೆದುಹೋಗಲು ಸಾಧ್ಯ!

ವಿಲ್ಲಿ ನಿವೃತ್ತರಾಗುವ ತಿಂಗಳು ನನ್ನನ್ನು ಕರೆದು ಒಂದು ಕೆಲಸ ಹೇಳಿದರು. ಅವರ ಅಕ್ಕ ಆಗ್ನೆಸ್‌ಗೆ ಎಂಬತ್ತು ದಾಟಿತ್ತು. ಹಳೆಯ ಸಾಲುಗಳನ್ನು ಪೂರ್ತಿ ಬಲ್ಲವರಲ್ಲಿ ಉಳಿದವಳು ಅವಳೊಬ್ಬಳು, ಅವಳಿಗೂ ನೆನಪು ಮಸುಕಾಗುತ್ತಿತ್ತು. ಫೋಟೊ ಒಂದೂ ಇಲ್ಲ. "ಊರು ಇದ್ದ ಹಾಗೆ ಒಂದು ನಕ್ಷೆ ಮಾಡಿಕೊಡು. ಅವಳ ಮುಂದೆ ಹರಡಬೇಕು."

ಮೂರು ವಾರ ಅವರು ಹೇಳಿದರು, ನಾನು ಬರೆದೆ. ಆದರೆ ನಕ್ಷೆಯನ್ನು ತೋರಿಸಲಿಲ್ಲ. ಬೀಳ್ಕೊಡುಗೆಯ ಗುರುವಾರ ಎಲ್ಲರೆದುರು ಬಿಚ್ಚಿ ಚಪ್ಪಾಳೆ ಗಿಟ್ಟಿಸುವ ಆಸೆ ನನಗೆ.

ಇದೇ ಹೊತ್ತಿನಲ್ಲಿ ಫ್ಲ್ಯಾಟಿನಲ್ಲಿ ನನ್ನದೊಂದು ಹೋರಾಟ ನಡೆದಿತ್ತು. ಒಂದೇ ಕೋಣೆಯಲ್ಲಿ ನಾವು ಮೂವರು. ನನ್ನ ಪಕ್ಕದ ಮಂಚ ಕಾಪುವಿನ ಶೀನಣ್ಣನದು. ಅವರು ಮರದ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಅವರ ಗೊರಕೆಗೆ ಶೆಲ್ಫಿನ ಉಪ್ಪಿನಕಾಯಿ ಬಾಟಲಿ ದಿನಕ್ಕೆ ಒಂದಂಗುಲ ಸರಿಯುತ್ತಿತ್ತು. ನನ್ನ ಮಂಚಕ್ಕೊಂದು ಪ್ಲೈವುಡ್ ಗೋಡೆ ತಂದುಕೊಡಿ ಎಂದು ಅವರನ್ನೇ ಕೇಳಿದ್ದೆ.

"ನಿಂಗೆ ಎಂಥ ಪ್ರೈವೆಸಿ ಮಾರಾಯ? ಮುಚ್ಚಿಡ್ಲಿಕ್ಕೆ ಎಂಥ ಉಂಟು ನಿನ್ನತ್ರ? ಎರಡು ಅಂಗಿ, ಒಂದು ಜ್ವರದ ಮಾತ್ರೆ" ಎಂದರು ಶೀನಣ್ಣ.

"ಮರ್ಯಾದೆ ಉಂಟು ಶೀನಣ್ಣ."

"ಅದಕ್ಕೆ ಗೋಡೆ ಬೇಡ, ಬೆಂಕಿಪೆಟ್ಟಿಗೆ ಸಾಕು" ಎಂದವರು ರಜೆಯ ದಿನ ಶುಕ್ರವಾರ ತರುತ್ತೇನೆಂದು ಒಪ್ಪಿದರು.

ಗುರುವಾರ ಮಧ್ಯಾಹ್ನ ಕೇಕ್ ಕತ್ತರಿಸಿದ ಮೇಲೆ ನಕ್ಷೆ ಬಿಚ್ಚಿದೆ. ಸಂಜೆಗೆ ವಿಲ್ಲಿಯವರ ವಿಮಾನ. ಚಪ್ಪಾಳೆ ಬಿತ್ತು. ವಿಲ್ಲಿ ಮಾತ್ರ ಬಗ್ಗಿ, ಎರಡನೆಯ ಸಾಲಿನ ಹಿತ್ತಿಲ ಮೇಲೆ ಬೆರಳಿಟ್ಟರು.

"ಇವೆಲ್ಲ ಏನು ಗೆರೆ?"

"ಕಾಂಪೌಂಡ್ ಸರ್" ಎಂದೆ ಹೆಮ್ಮೆಯಿಂದ. ಅವರು ಹೇಳಿರಲಿಲ್ಲ, ಮರೆತಿರಬೇಕೆಂದು ನಾನೇ ಹಾಕಿದ್ದೆ. ನಮ್ಮ ಉಡುಪಿ ಕಡೆ ಮನೆ ಮುಗಿಯುವ ಮೊದಲೇ ಕೆಂಪು ಮುರಕಲ್ಲಿನ ಕಾಂಪೌಂಡ್ ಏಳುತ್ತದೆ. ಅದಿಲ್ಲದ ಮನೆ ನನ್ನ ಕಣ್ಣಿಗೆ ಪಂಚೆ ಉಡದವನ ಹಾಗೆ. ಇಪ್ಪತ್ತನಾಲ್ಕು ಮನೆಗೆ ಇಪ್ಪತ್ತನಾಲ್ಕು ಹಿತ್ತಿಲು, ಪ್ರತಿಯೊಂದಕ್ಕೂ ಗೇಟು.

"ನಮ್ಮಲ್ಲಿ ಗೋಡೆ ಇರಲಿಲ್ಲ, ಲ್ಯಾಡ್. ಹಿಂದೆಲ್ಲ ಒಂದೇ ಬಯಲು. ಬಟ್ಟೆ ಒಣಗಿಸುವ ಹುಲ್ಲು." ಬೆರಳು ತೆಗೆಯದೆಯೇ ಹೇಳಿದರು: "ಒಮ್ಮೆ ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಸೈರನ್ ಕೂಗಿತು. ಹೆಂಗಸರೆಲ್ಲ ಒದ್ದೆ ಬಟ್ಟೆಯ ನಡುವೆ ನುಗ್ಗಿ ಗಣಿಯ ಬಾಯಿಗೆ ಓಡಿದರು. ನನ್ನನ್ನು ಎತ್ತಿಕೊಂಡು ಓಡಿದ್ದು ಆಗ್ನೆಸ್. ನಮ್ಮಪ್ಪ ಮೇಲೆ ಬಂದ. ಪಕ್ಕದ ಮನೆಯವನು ಬರಲಿಲ್ಲ. ಈ ಗೋಡೆಗಳಿದ್ದರೆ ಅವರು ಓಡುವುದು ಹೇಗೆ? ಆಗ್ನೆಸ್ ಬೇರೆ ಏನು ಮರೆತರೂ ಇದನ್ನು ಹುಡುಕುತ್ತಾಳೆ."

ಕೇಕಿನ ತುಂಡು ನನ್ನ ಗಂಟಲಲ್ಲಿ ನಿಂತಿತು. ಆ ಕ್ಷಣದಲ್ಲಿ ಕೇಳಿದ್ದರೆ ಅವರ ಊರಿನ ಹೆಸರನ್ನು ಸರಿಯಾಗಿ ಹೇಳಿಬಿಡುತ್ತಿದ್ದೆ.

ಕಂಪ್ಯೂಟರಿಗೆ ಓಡಿದೆ. ಗೋಡೆ ಕಟ್ಟಲು ನನಗೆ ಎರಡು ದಿನ ಹಿಡಿದಿತ್ತು, ಕೆಡವಲು ಹತ್ತು ನಿಮಿಷ ಹಿಡಿಯಲಿಲ್ಲ. ನಕ್ಷೆ ಮುದ್ರಿಸುವ ಪ್ಲಾಟರ್ ಮಾತ್ರ ಆ ದಿನ ಬಸವನಹುಳುವಿನ ಹಾಗೆ ತೆವಳಿತು. ಕೆಳಗೆ ಕಾರು ಕಾಯುತ್ತಿತ್ತು. ಇಂಕು ಆರದ ಹಾಳೆಯನ್ನು ಊದುತ್ತಾ ಮೆಟ್ಟಿಲಿಳಿದು ಕಾರಿನ ಕಿಟಕಿಗೆ ಕೊಟ್ಟೆ. ವಿಲ್ಲಿ ಬಿಚ್ಚಿ, ಬೆರಳನ್ನು ಎರಡನೆಯ ಸಾಲಿನಿಂದ ಗಣಿಯ ಬಾಯಿಯವರೆಗೆ ಎಳೆದರು. ಎಲ್ಲೂ ತಡೆಯಲಿಲ್ಲ. "ಖಲಾಸ್" ಎಂದರು, ಅಪ್ಪಟ ಅರಬ್ಬಿಯಲ್ಲಿ. ಮುಗಿಯಿತು, ಸರಿಯಾಯಿತು ಎಂದು.

ಮರುದಿನ ಶೀನಣ್ಣ ಪ್ಲೈವುಡ್ ಹೊತ್ತು ತಂದರು. "ಯಲ್ಲಾ, ಬೇಗ ಬೇಗ, ಎಲ್ಲಿ ನಿಲ್ಲಿಸುದು ಹೇಳು."

"ನಿಲ್ಲಿಸುವುದು ಬೇಡ ಶೀನಣ್ಣ. ಮಲಗಿಸುವ."

ನನ್ನ ಮಂಡೆ ಸಮ ಉಂಟಾ ಎಂದು ಹಣೆ ಮುಟ್ಟಿ ನೋಡಿದರು. ಆಮೇಲೆ ಎರಡು ಟ್ರಂಕಿನ ಮೇಲೆ ಅದನ್ನು ಅಡ್ಡ ಹಾಕಿದೆವು. ಮೂರು ವರ್ಷ ನೆಲಕ್ಕೆ ಪೇಪರ್ ಹಾಸಿ ಉಂಡವರು ಅಂದು ಮೊದಲ ಸಲ ಮೇಜಿನ ಮೇಲೆ ಮೀನುಸಾರು ಉಂಡೆವು. ಸ್ವಲ್ಪ ಓರೆ ಇದ್ದದ್ದರಿಂದ ಸಾರೆಲ್ಲ ನನ್ನ ಕಡೆಗೇ ಹರಿಯಿತು.

ಒಂದು ತಿಂಗಳಿಗೆ ವಿಲ್ಲಿಯವರ ಕಾರ್ಡು ಬಂತು. ಆಗ್ನೆಸ್ ಎಲ್ಲ ಮನೆಗಳನ್ನೂ ಗುರುತಿಸಿದಳಂತೆ. ಹದಿನಾಲ್ಕನೆಯ ಮನೆಯ ಮುಂದೆ ಖರ್ಜೂರದ ಮರ ನೆಟ್ಟವರು ಯಾರು ಎಂದಷ್ಟೇ ಕೇಳುತ್ತಿದ್ದಾಳಂತೆ. ದುಬೈಯ ನಕ್ಷೆಗಳಿಗೆ ಮರ ಹಾಕಿ ಹಾಕಿ ಅಭ್ಯಾಸವಾದ ಕೈ, ಏನು ಮಾಡಲಿ?

ಶುಕ್ರವಾರದ ಊಟವಾದ ಮೇಲೆ ಶೀನಣ್ಣ ಈಗಲೂ ಪಕ್ಕದಲ್ಲೇ ಗೊರಕೆ ಹೊಡೆಯುತ್ತಾರೆ. ಬಾಟಲಿ ಸರಿಯುತ್ತದೆ. ನಾನು ಅರೆನಿದ್ದೆಯಲ್ಲಿ ಒದ್ದೆ ಬಟ್ಟೆಗಳ ನಡುವೆ, ಹುಲ್ಲಿನ ಮೇಲೆ ನಡೆಯುತ್ತಿರುತ್ತೇನೆ. ನಡುವೆ ಗೊರಕೆ ತಟ್ಟನೆ ನಿಂತರೆ ಉಸಿರೂ ನಿಂತಿತೋ ಎಂದು ಎಚ್ಚರವಾಗುತ್ತದೆ. ಕೈ ಚಾಚಿ ಅವರ ಭುಜ ಅಲುಗಾಡಿಸುತ್ತೇನೆ. ಅವರು ಬೈದು ಮಗ್ಗುಲಾಗುತ್ತಾರೆ. ಸದ್ಯ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲೇ ಇದ್ದಾರೆ.